ಹವಾಯಿಯ ಮರದ ಅಲೆಹಲಗೆ: ಒಂದು ನಿರ್ಮಾಣವಿದ್ಯೆಯ ಚರಿತ್ರೆ

ಚರಿತ್ರೆಯ ಅಭ್ಯಾಸಿಗಳು ಶಾಸನ, ನಾಣ್ಯ, ಗ್ರಂಥ, ಕಡತ ಇವುಗಳಿಗೆ ಕೊಡುವ ಗಮನವನ್ನು ಕೈಕಸುಬುಗಳಿಗೆ ಕೊಡುವುದು ಅಪೂರ್ವ. ಕಸುಬುದಾರನು ತನ್ನ ವಿದ್ಯೆಯನ್ನು ಬರೆದಿಡುವುದಿಲ್ಲ. ಮಗನಿಗೋ ಶಿಷ್ಯನಿಗೋ ಮಾಡಿ ತೋರಿಸುತ್ತಾನೆ. ಆದುದರಿಂದ ಒಂದು ಕಸುಬು ಯಾವಾಗ ಅಳಿಯಿತು, ಯಾವಾಗ ಮತ್ತೆ ತಲೆಯೆತ್ತಿತು, ಅಥವಾ ಅದು ನಿಜವಾಗಿ ಅಳಿದಿತ್ತೆ, ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವುದು ಸುಲಭವಲ್ಲ. ಪ್ರಕೃತ ಲೇಖನದಲ್ಲಿ ಅಂತಹ ಒಂದು ಕಸುಬನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲಾಗಿದೆ.

ಉದ್ದವಾದ ಹಲಗೆಯೊಂದರ ಮೇಲೆ ನೆಟ್ಟಗೆ ನಿಂತು, ನೀಳವಾದ ಒಂದೇ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ಸಾಗುವ ವಿಹಾರವು ಇಂದು ಅನೇಕ ದೇಶಗಳ ಕಡಲತೀರಗಳಲ್ಲಿಯೂ ಸರೋವರಗಳಲ್ಲಿಯೂ ಕಂಡುಬರುತ್ತದೆ. ೨೦೦೪ರಲ್ಲಿ ಮೂಲ್ಕಿಯಲ್ಲಿ ಅಲೆಸವಾರಿಯ ಸಂಘವೊಂದು ಸ್ಥಾಪಿತವಾದ ಮೇಲೆ ನಮ್ಮ ಕರಾವಳಿಗೂ ಇದರ ಪರಿಚಯವುಂಟಾಗಿದೆ. ಈ ಹಲಗೆಗಳಲ್ಲಿ ಹೆಚ್ಚಿನವು ಕಾರ್ಖಾನೆಯಲ್ಲಿ ರಾಸಾಯನಿಕ ನೊರೆಯಿಂದಾದವು. ಆದರೆ ತಮ್ಮ ಮನೆಯ ಹಿತ್ತಿಲಿನಲ್ಲಿ ತಮ್ಮ ಕೈಯಿಂದಲೇ ಮರದ ಹಲಗೆಯನ್ನು ಕಟ್ಟಿಕೊಳ್ಳುವವರೂ ಉಂಟು. ಒಳಗೆ ಮೀನಿನ ಮುಳ್ಳಿನಂತಹ ಹಂದರ, ಹೊರಗೆ ತೆಳುವಾದ ಮರದ ಪಟ್ಟಿಗಳು, ನಡುವೆ ಗಾಳಿ: ಇದು ಅವರ ವಿಧಾನದ ಸಾರ.

ಈ ವಿಧಾನದ ಮೂಲವಾವುದು? ಬಹುಕಾಲದಿಂದ ಪ್ರಚಾರದಲ್ಲಿರುವ ಉತ್ತರ ಹೀಗಿದೆ: ಹವಾಯಿ ದ್ವೀಪಗಳ ಪ್ರಾಚೀನ ವಿದ್ಯೆಯು ೧೯ನೆಯ ಶತಮಾನದಲ್ಲಿ ನಶಿಸಿಹೋಯಿತು, ವಸ್ತುಸಂಗ್ರಹಾಲಯದ ಗೋಡೆಯ ಮೇಲೆ ಉಳಿದಿದ್ದ ಹಲಗೆಗಳನ್ನು ಕಂಡು ಟಾಮ್ ಬ್ಲೇಕ್ ಎಂಬ ಅಮೆರಿಕನನು ಅದಕ್ಕೆ ಪುನರ್ಜನ್ಮ ಕೊಟ್ಟನು. ಈ ಉತ್ತರದಲ್ಲಿ ಸತ್ಯಾಂಶವಿದೆ. ಆದರೆ ಅದು ಪೂರ್ಣ ಸತ್ಯವಲ್ಲವೆಂಬುದನ್ನು ಮುಂದೆ ತೋರಿಸಲಾಗುವುದು.

೧. ಹಳೆಯ ವಿಧಾನ

ಹವಾಯಿ ಜನರು ಹಲಗೆಯ ಮೇಲೆ ಅಲೆಯೇರಿ ಬರುತ್ತಿದ್ದುದನ್ನು ಯೂರೋಪಿನವರು ವಿವರವಾಗಿ ಬರೆದದ್ದು ೧೭೭೯ರಲ್ಲಿ. ಕ್ಯಾಪ್ಟನ್ ಕುಕ್‌ನ ನೌಕಾಯಾತ್ರೆಯಲ್ಲಿದ್ದ ಜೇಮ್ಸ್ ಕಿಂಗ್ ಎಂಬ ಅಧಿಕಾರಿಯು ಕೆಅಲಕೆಕುಆ ಕೊಲ್ಲಿಯಲ್ಲಿ ಕಂಡ ದೃಶ್ಯವನ್ನು ಬೆರಗಿನಿಂದ ದಾಖಲಿಸಿದ್ದಾನೆ. ಆದರೆ ಕಿಂಗ್ ಕಂಡದ್ದು ಸವಾರಿಯನ್ನು, ಹಲಗೆಯ ನಿರ್ಮಾಣವನ್ನಲ್ಲ.

ನಿರ್ಮಾಣದ ವಿಷಯದಲ್ಲಿ ನಮಗೆ ದೊರೆಯುವ ಮುಖ್ಯ ಆಧಾರವೆಂದರೆ ಥಾಮಸ್ ಥ್ರಮ್ ಎಂಬಾತನು ಹೊನಲುಲುವಿನಿಂದ ಪ್ರಕಟಿಸುತ್ತಿದ್ದ ವಾರ್ಷಿಕ ಪಂಚಾಂಗದ ೧೮೯೬ರ ಸಂಚಿಕೆಯಲ್ಲಿರುವ ಒಂದು ಲೇಖನ. ಅದನ್ನು ಹೇಳಿದವನು ಕೋನ ಪ್ರಾಂತದ ಒಬ್ಬ ಹವಾಯಿಯವನೇ ಎಂಬುದು ಗಮನಾರ್ಹ. ಅದರ ಪ್ರಕಾರ, ಮರವನ್ನು ಆರಿಸಿದ ಮೇಲೆ ಕುಮು ಎಂಬ ಕೆಂಪು ಮೀನನ್ನು ಅದರ ಬುಡದಲ್ಲಿಟ್ಟು ಅನಂತರ ಮರವನ್ನು ಕಡಿಯುತ್ತಿದ್ದರು. ಬೇರಿನ ಬಳಿ ಗುಳಿ ತೋಡಿ, ಪ್ರಾರ್ಥನೆ ಹೇಳಿ, ಆ ಮೀನನ್ನು ಅದರಲ್ಲಿ ಹೂಳುತ್ತಿದ್ದರು. ಬಳಿಕ ಕಾಂಡವನ್ನು ಬಾಚಿಯಿಂದ ಎರಡು ಕಡೆಯೂ ಕೆತ್ತಿ, ಬೇಕಾದ ಆಕಾರಕ್ಕೆ ತಂದು, ದೋಣಿಮನೆಗೆ ಸಾಗಿಸುತ್ತಿದ್ದರು. ಅಲ್ಲಿ ಒರಟು ಹವಳದ ತುಂಡುಗಳಿಂದಲೂ ಕಲ್ಲಿನಿಂದಲೂ ತಿಕ್ಕಿ ಬಾಚಿಯ ಗಾಯಗಳನ್ನು ಮಾಯಿಸುತ್ತಿದ್ದರು. ಬೇರಿನ ರಸ, ಕುಕುಯಿ ಮರದ ತೊಗಟೆ ಅಥವಾ ಸುಟ್ಟ ಬೀಜದ ಮಸಿಯಿಂದ ಕಪ್ಪು ಬಣ್ಣ ಕೊಟ್ಟು, ಕೊನೆಗೆ ಕುಕುಯಿ ಎಣ್ಣೆಯನ್ನು ಸವರುತ್ತಿದ್ದರು. ಉಪಯೋಗಿಸಿದ ಮೇಲೆ ಹಲಗೆಯನ್ನು ಒಣಗಿಸಿ, ಎಣ್ಣೆ ಹಚ್ಚಿ, ನಾರುಬಟ್ಟೆಯಲ್ಲಿ ಸುತ್ತಿ, ಮನೆಯೊಳಗೆ ತೂಗುಹಾಕುತ್ತಿದ್ದರು.

ಹಲಗೆಗಳಲ್ಲಿ ಎರಡು ಮುಖ್ಯ ಭೇದಗಳಿದ್ದವು. ಅಲಯ ಎಂಬುದು ತೆಳುವಾದುದು. ಕೋಆ ಮರದಿಂದ ಅಥವಾ ಉಲು ಮರದಿಂದ ಮಾಡಿದ್ದು. ಉಲು ಎಂಬುದು ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವ ಮರವೇ. ಓಲೊ ಎಂಬುದು ಮೂರು ಮಾರಿನವರೆಗೂ ಉದ್ದವಾಗಿ, ನಡುವೆ ದಪ್ಪವಾಗಿ, ಅಂಚಿನ ಕಡೆಗೆ ತೆಳುವಾಗುವ ಹಲಗೆ. ಅದು ನಾಯಕವರ್ಗದವರಿಗೆ ಮೀಸಲು. ಅದಕ್ಕೆ ವಿಲಿವಿಲಿ ಎಂಬ ಅತಿ ಹಗುರವಾದ ಮರವನ್ನು ಬಳಸುತ್ತಿದ್ದರೆಂದು ತಿಳಿದುಬರುತ್ತದೆ. ಈ ವಿಲಿವಿಲಿಯು ನಮ್ಮ ಹಾಲುವಾಣದ ಕುಲಕ್ಕೆ ಸೇರಿದ ಮರ. ದೊಡ್ಡ ಹಲಗೆಗೆ ಹಗುರ ಮರ, ಸಣ್ಣ ಹಲಗೆಗೆ ಗಟ್ಟಿ ಮರ ಎಂಬ ಈ ವಿವೇಕದಲ್ಲಿ ಮುಂದಿನ ಚರಿತ್ರೆಯ ಬೀಜ ಅಡಗಿದೆ. ಏಕೆಂದರೆ ಮುಂದೆ ಬಂದ ನಿರ್ಮಾಪಕರೆಲ್ಲರಿಗೂ ಎದುರಾದ ಸಮಸ್ಯೆ ಒಂದೇ: ಗಾತ್ರವನ್ನು ಉಳಿಸಿಕೊಂಡು ತೂಕವನ್ನು ಇಳಿಸುವುದು ಹೇಗೆ?

೨. ಕ್ಷೀಣದಶೆಯೂ ೧೮೮೫ರ ಸಾಕ್ಷ್ಯವೂ

೧೮೨೦ರಲ್ಲಿ ಕ್ರೈಸ್ತ ಧರ್ಮಪ್ರಚಾರಕರು ಹವಾಯಿಗೆ ಬಂದರು. ಅಲೆಸವಾರಿಯು ಕ್ರಮೇಣ ಕಡಿಮೆಯಾಯಿತೆಂದು ಅವರ ಮುಖಂಡರಲ್ಲೊಬ್ಬನಾದ ಹೈರಮ್ ಬಿಂಗ್‌ಹ್ಯಾಮ್ ೧೮೪೭ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಅದಕ್ಕೆ ಜನರಲ್ಲಿ ಬೆಳೆದ ಸಂಕೋಚ, ದುಡಿಮೆ, ಧರ್ಮಶ್ರದ್ಧೆಗಳೇ ಕಾರಣವೆಂದು ಅವನ ವಾದ. ಆದರೆ ಇದಕ್ಕಿಂತ ಬಲವಾದ ಕಾರಣ ಬೇರೆಯಿತ್ತು. ಹೊರಗಿನಿಂದ ಬಂದ ರೋಗಗಳಿಂದ ಹವಾಯಿ ಜನರು ಅಪಾರ ಸಂಖ್ಯೆಯಲ್ಲಿ ಸತ್ತರು. ಕುಕ್ ಬಂದಾಗ ಕೆಲವು ಲಕ್ಷಗಳಷ್ಟಿತ್ತೆಂದು ಹಲವರು ಅಂದಾಜುಮಾಡುವ ಜನಸಂಖ್ಯೆಯು ೧೮೯೦ರ ಗಣತಿಯ ಹೊತ್ತಿಗೆ, ಮಿಶ್ರಸಂತಾನದವರನ್ನು ಸೇರಿಸಿಯೂ, ಸುಮಾರು ೪೦,೦೦೦ಕ್ಕೆ ಇಳಿದಿತ್ತು. ಹಲಗೆ ಕೆತ್ತುವ ಕೈಗಳೇ ಇಲ್ಲವಾದಾಗ ಹಲಗೆಗಳು ಕಡಿಮೆಯಾದುದರಲ್ಲಿ ಆಶ್ಚರ್ಯವಿಲ್ಲ.

ಹೀಗಿರಲು, ಕಡಿಮೆಯಾಯಿತೆಂಬುದು ಬೇರೆ, ಅಳಿದುಹೋಯಿತೆಂಬುದು ಬೇರೆ. ಎರಡನೆಯ ಮಾತಿಗೆ ವಿರುದ್ಧವಾದ ಸಾಕ್ಷ್ಯ ಹವಾಯಿಯಿಂದ ದೂರದಲ್ಲಿ ದೊರೆಯುತ್ತದೆ. ೧೮೮೫ರಲ್ಲಿ ಹವಾಯಿ ರಾಜಮನೆತನದ ಮೂವರು ತರುಣರು, ಡೇವಿಡ್ ಕವಾನನಕೋಆ, ಎಡ್ವರ್ಡ್ ಕೆಲಿಇಅಹೊನುಇ, ಜೋನಾ ಕೂಹಿಓ ಕಲನಿಅನಓಲೆ ಎಂಬವರು, ಕ್ಯಾಲಿಫೋರ್ನಿಯದ ಸ್ಯಾನ್ ಮಟೇಓ ಊರಿನ ಒಂದು ಶಾಲೆಯಲ್ಲಿ ಓದುತ್ತಿದ್ದರು. ಆ ವರ್ಷದ ಜುಲೈ ತಿಂಗಳಲ್ಲಿ ಸ್ಯಾಂಟಾ ಕ್ರೂಸ್‌ನ ಸ್ಯಾನ್ ಲೊರೆನ್ಜೊ ನದಿಯ ಅಳಿವೆಯಲ್ಲಿ ಅವರು ಅಲೆಸವಾರಿ ಮಾಡಿದರೆಂದು ಅಲ್ಲಿನ ಪತ್ರಿಕೆ ವರದಿಮಾಡಿತು. ಅಮೆರಿಕದ ಮುಖ್ಯಭೂಮಿಯಲ್ಲಿ ನಡೆದ ಅಲೆಸವಾರಿಯ ಮೊದಲ ದಾಖಲೆ ಇದೆಂದು ಪರಿಗಣಿತವಾಗಿದೆ.

ನಮ್ಮ ವಿಷಯಕ್ಕೆ ಮುಖ್ಯವಾದುದು ಅವರ ಹಲಗೆಗಳು. ಅವು ಹವಾಯಿಯಿಂದ ತಂದವಲ್ಲ. ಆ ಪ್ರದೇಶದ ಮರದ ಗಿರಣಿಯಲ್ಲಿ ಕೊಯ್ದ ರೆಡ್‌ವುಡ್ ಮರದವು. ಕೋಆ ಇಲ್ಲ, ಉಲು ಇಲ್ಲ, ವಿಲಿವಿಲಿ ಇಲ್ಲ. ಪರದೇಶದಲ್ಲಿ ಕೈಗೆ ಸಿಕ್ಕ ಮರದಿಂದ ತಮ್ಮ ನಾಡಿನ ಆಕಾರವನ್ನು ಅವರು ಪಡೆದರು. ವಿದ್ಯೆಯು ಜೀವಂತವಾಗಿರುವುದಕ್ಕೆ ಇದಕ್ಕಿಂತ ಹೆಚ್ಚಿನ ಲಕ್ಷಣ ಯಾವುದು? ಸತ್ತ ವಿದ್ಯೆಯು ಹಳೆಯ ಮಾದರಿಯನ್ನು ನಕಲುಮಾಡಬಲ್ಲುದೇ ಹೊರತು ಹೊಸ ಮರಕ್ಕೆ ಹೊಂದಿಕೊಳ್ಳಲಾರದು. ಈ ಹಲಗೆಗಳು ಹೊನಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದು, ೨೦೧೫ರಲ್ಲಿ ಸ್ಯಾಂಟಾ ಕ್ರೂಸ್‌ಗೆ ಮರಳಿ ಬಂದು ಪ್ರದರ್ಶಿತವಾದವು.

೧೯೦೭ರಲ್ಲಿ ಜ್ಯಾಕ್ ಲಂಡನ್ ವೈಕಿಕಿ ತೀರದಲ್ಲಿ ಅಲೆಸವಾರಿ ಕಲಿತು ಲೇಖನ ಬರೆದನು. ೧೯೦೮ರಲ್ಲಿ ಬಿಳಿಯರ ಪ್ರಾಬಲ್ಯದ ಔಟ್‌ರಿಗರ್ ಕನೂ ಸಂಘವೂ, ೧೯೧೧ರಲ್ಲಿ ಬಹುಮಟ್ಟಿಗೆ ಹವಾಯಿ ಜನರದೇ ಆದ ಹುಇ ನಲು ಸಂಘವೂ ವಿಧಿಪೂರ್ವಕವಾಗಿ ಸ್ಥಾಪಿತವಾದವು. ಹವಾಯಿಯವರೇ ಆದ ಐಸಾಯ ಹೆಲೆಕುನಿಹಿ ವಾಕರ್ ಎಂಬ ಇತಿಹಾಸಕಾರರು ೨೦೧೧ರ ತಮ್ಮ ಗ್ರಂಥದಲ್ಲಿ, ಅಲೆಸವಾರಿಯು ಅಳಿದಿತ್ತೆಂಬ ಕಥನವನ್ನೇ ಪ್ರಶ್ನಿಸಿ, ರಾಜ್ಯವನ್ನೂ ಭೂಮಿಯನ್ನೂ ಕಳೆದುಕೊಂಡ ಜನರಿಗೆ ಅಲೆಗಳ ಪ್ರದೇಶವೊಂದು ತಮ್ಮದಾಗಿಯೇ ಉಳಿದಿತ್ತೆಂದು ಪ್ರತಿಪಾದಿಸಿದ್ದಾರೆ. ೧೮೯೩ರಲ್ಲಿ ಹವಾಯಿ ರಾಣಿಯ ಪದಚ್ಯುತಿ, ೧೮೯೮ರಲ್ಲಿ ಅಮೆರಿಕದೊಡನೆ ವಿಲೀನ, ಇವುಗಳನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಒಂದು ಜನಾಂಗದ ವಿದ್ಯೆ ಸತ್ತಿತ್ತೆಂದು ಹೇಳುವುದು, ಅದನ್ನು ಬದುಕಿಸಿದವರೆಂದು ಹೇಳಿಕೊಳ್ಳುವವರಿಗೆ ಅನುಕೂಲವಾದ ಮಾತು.

೩. ಬ್ಲೇಕ್‌ನ ಕೆಲಸ

ಹಾಗಾದರೆ ಟಾಮ್ ಬ್ಲೇಕ್ ಮಾಡಿದ್ದೇನು? ಅವನು ೧೯೦೨ರಲ್ಲಿ ವಿಸ್ಕಾನ್ಸಿನ್ ಪ್ರಾಂತದಲ್ಲಿ ಹುಟ್ಟಿದವನು. ೧೯೨೦ರಲ್ಲಿ, ಆ್ಯಂಟ್‌ವರ್ಪ್ ಒಲಿಂಪಿಕ್ಸ್ ಮುಗಿಸಿ ಹಿಂದಿರುಗುತ್ತಿದ್ದ ಹವಾಯಿಯ ಪ್ರಸಿದ್ಧ ಈಜುಗಾರ ಡ್ಯೂಕ್ ಕಹನಮೊಕು ಅವರನ್ನು ಡಿಟ್ರಾಯಿಟ್ ನಗರದ ಚಿತ್ರಮಂದಿರವೊಂದರಲ್ಲಿ ಕಂಡು ಕೈಕುಲುಕಿದ ಪ್ರಸಂಗವೇ ಅವನ ಬಾಳಿನ ದಿಕ್ಕನ್ನು ಬದಲಿಸಿತು. ೧೯೨೪ರಲ್ಲಿ ಅವನು ಹವಾಯಿಗೆ ಹೋದನು. ಬಿಷಪ್ ವಸ್ತುಸಂಗ್ರಹಾಲಯದಲ್ಲಿ ೧೯ನೆಯ ಶತಮಾನದ ನಾಯಕ ಪಾಕಿಯವೆಂದು ಹೇಳಲಾದ ಎರಡು ದೊಡ್ಡ ಹಲಗೆಗಳಿದ್ದವು. ಅವುಗಳನ್ನು ದುರಸ್ತಿಮಾಡುವ ಅವಕಾಶ ಅವನಿಗೆ ದೊರೆಯಿತು. ಬಣ್ಣ ಕೆರೆದು ಮರವನ್ನು ಹೊರತಂದಾಗ ಆ ಹಲಗೆಗಳ ಆಕಾರ ಅವನಿಗೆ ಮನದಟ್ಟಾಯಿತು.

೧೯೨೬ರಲ್ಲಿ ಅವನು ಸುಮಾರು ೧೬ ಅಡಿ ಉದ್ದದ ರೆಡ್‌ವುಡ್ ದಿಮ್ಮಿಯಿಂದ ಓಲೊವಿನ ಪ್ರತಿಕೃತಿಯೊಂದನ್ನು ಮಾಡತೊಡಗಿದನು. ಅದರ ಭಾರವನ್ನಿಳಿಸುವುದಕ್ಕಾಗಿ ಮೇಲಿನಿಂದ ಕೆಳಕ್ಕೆ ನೂರಾರು ತೂತುಗಳನ್ನು ಕೊರೆದು, ಒಂದು ತಿಂಗಳ ಕಾಲ ಒಣಗಲು ಬಿಟ್ಟು, ಬಳಿಕ ತೆಳುವಾದ ಮರದ ಹಾಳೆಯಿಂದ ತೂತುಗಳನ್ನು ಮುಚ್ಚಿದನು. ಹೀಗೆ ಒಳಗೆ ಗಾಳಿ ಸೇರಿದ ಮೊದಲ ಹಲಗೆ ಹುಟ್ಟಿತು. ತೂತು ಕೊರೆಯುವ ಬದಲು ಮೊದಲೇ ಟೊಳ್ಳಾಗಿ ಕಟ್ಟಿದರಾಗದೆ ಎಂಬುದು ಮುಂದಿನ ಹೆಜ್ಜೆ. ೧೯೩೦ರ ಸುಮಾರಿಗೆ ಹೊನಲುಲುವಿನ ಆಲ ವಾಇ ಕಾಲುವೆಯ ಪಂದ್ಯಗಳಲ್ಲಿ ಅವನ ಟೊಳ್ಳು ಹಲಗೆ ಇತರರ ಗಟ್ಟಿ ಹಲಗೆಗಳನ್ನು ಹಿಂದೆ ಹಾಕಿತು. ಕ್ರಮೇಣ ವಿಮಾನದ ರೆಕ್ಕೆಯಂತೆ ಒಳಗೆ ಬೆನ್ನೆಲುಬು, ಪಕ್ಕೆಲುಬುಗಳನ್ನಿಟ್ಟು ಮೇಲೆ ತೆಳು ಹೊದಿಕೆ ಹಾಕುವ ಕ್ರಮ ರೂಢಿಗೆ ಬಂದಿತು.

೧೯೩೨ರ ಆಗಸ್ಟ್ ತಿಂಗಳಲ್ಲಿ ಬ್ಲೇಕ್ ತನ್ನ ನಿರ್ಮಾಣಕ್ರಮಕ್ಕೆ ಅಮೆರಿಕದ ಪೇಟೆಂಟ್ ಪಡೆದನು. ಅದರಲ್ಲಿ ಹಲಗೆಗೆ ಕೊಟ್ಟ ಹೆಸರು ‘ನೀರಿನ ಜಾರುಬಂಡಿ’ ಎಂಬರ್ಥದ್ದು. ಆದರೆ ಹಕ್ಕನ್ನು ಕಾದುಕೊಂಡು ಅವನು ಸುಮ್ಮನೆ ಕೂರಲಿಲ್ಲ. ಮನೆಯಲ್ಲಿಯೇ ಹಲಗೆ ಕಟ್ಟಿಕೊಳ್ಳುವವರಿಗಾಗಿ ಅಳತೆಗಳುಳ್ಳ ನಕ್ಷೆಗಳನ್ನು ೧೯೩೩ರಲ್ಲಿ ‘ಮಾಡರ್ನ್ ಮೆಕ್ಯಾನಿಕ್ಸ್’, ೧೯೩೭ರಲ್ಲಿ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಎಂಬ ಜನಪ್ರಿಯ ಮಾಸಪತ್ರಿಕೆಗಳಲ್ಲಿ ಪ್ರಕಟಿಸಿದನು. ೧೯೩೫ರಲ್ಲಿ ಹೊನಲುಲುವಿನಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಹವಾಯಿಯ ಹಳೆಯ ಹಲಗೆಗಳ ಋಣವನ್ನು ಮರೆಮಾಚದೆ ಬರೆದನು. ಅದೇ ವರ್ಷ ಹಲಗೆಯ ಹಿಂಭಾಗದ ಅಡಿಯಲ್ಲಿ ಮೀನಿನ ಈಜುರೆಕ್ಕೆಯಂತಹ ಸಣ್ಣ ಪಟ್ಟಿಯೊಂದನ್ನು ಅಳವಡಿಸಿ, ಹಲಗೆ ಅಡ್ಡಜಾರದಂತೆ ಮಾಡಿದನು.

ಇಲ್ಲಿಯೇ ಈ ಚರಿತ್ರೆಯ ನಿಜವಾದ ತಿರುವಿದೆಯೆಂದು ನಮ್ಮ ಅಭಿಪ್ರಾಯ. ಬ್ಲೇಕ್ ಸತ್ತ ವಿದ್ಯೆಯನ್ನು ಬದುಕಿಸಲಿಲ್ಲ. ಬದುಕಿದ್ದ ವಿದ್ಯೆಯ ನೆಲೆಯನ್ನು ಬದಲಿಸಿದನು. ಮೊದಲು ಅದು ಕೆತ್ತುವವನ ಕೈಯಲ್ಲಿತ್ತು. ಈಗ ಕಾಗದದ ಮೇಲೆ ಬಂದಿತು. ಸಮುದ್ರವನ್ನೇ ಕಾಣದ ಊರಿನ ಬಡಗಿಯೂ ಶಾಲೆಯ ಹುಡುಗನೂ ಆ ನಕ್ಷೆಯನ್ನು ನೋಡಿ ಹಲಗೆ ಕಟ್ಟಬಹುದಾಯಿತು.

೪. ಟೊಳ್ಳಿನ ಲೆಕ್ಕ

ಟೊಳ್ಳು ಹಲಗೆಯಿಂದಾದ ಲಾಭವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ನಿಂತು ಹುಟ್ಟುಹಾಕಲು ತಕ್ಕ ಹಲಗೆಯೊಂದು ೧೧ ಅಡಿ ಉದ್ದ, ೨½ ಅಡಿ ಅಗಲ, ನಡುವೆ ೫ ಅಂಗುಲ ದಪ್ಪವಿದೆಯೆಂದು ಇಟ್ಟುಕೊಳ್ಳೋಣ. ತುದಿಗಳೂ ಅಂಚುಗಳೂ ಬಾಗಿರುವುದರಿಂದ ಅದರ ಘನಗಾತ್ರ ಸುಮಾರು ೭ ಘನ ಅಡಿ. ಒಂದು ಘನ ಅಡಿ ಸಮುದ್ರದ ನೀರು ೬೪ ಪೌಂಡು ತೂಗುತ್ತದೆ. ಆದ್ದರಿಂದ ಪೂರ್ತಿ ಮುಳುಗಿದಾಗ ಈ ಹಲಗೆ ಹೊರಬಲ್ಲ ಒಟ್ಟು ಭಾರ ಸುಮಾರು ೪೫೦ ಪೌಂಡು. ಇದನ್ನು ಗಟ್ಟಿ ರೆಡ್‌ವುಡ್‌ನಿಂದ ಕೆತ್ತಿದರೆ, ಘನ ಅಡಿಗೆ ೨೬ ಪೌಂಡಿನಂತೆ, ಹಲಗೆಯೇ ೧೮೦ ಪೌಂಡು ತೂಗುವುದು. ೧೬೦ ಪೌಂಡಿನ ಮನುಷ್ಯನೊಬ್ಬ ಅದರ ಮೇಲೆ ನಿಂತರೆ ಹಲಗೆ ತೇಲುವುದು ನಿಜ. ಆದರೆ ಮುಕ್ಕಾಲು ಭಾಗ ಮುಳುಗಿ ತೇಲುವುದು. ಅಲ್ಲದೆ ಅದನ್ನು ನೀರಿಗೆ ಹೊತ್ತೊಯ್ಯಲು ಇಬ್ಬರು ಬೇಕು.

ಅದೇ ಆಕಾರವನ್ನು ಕಾಲು ಅಂಗುಲದ ಹೊದಿಕೆಯಿಂದ ಟೊಳ್ಳಾಗಿ ಕಟ್ಟಿದರೆ ಹೊದಿಕೆಯ ಮೇಲ್ಮೈ ಸುಮಾರು ೫೦ ಚದರ ಅಡಿ. ಬೇಕಾಗುವ ಮರ ಒಂದು ಘನ ಅಡಿಗಿಂತ ಸ್ವಲ್ಪ ಹೆಚ್ಚು. ಒಳಹಂದರವನ್ನೂ ಅಂಟನ್ನೂ ಸೇರಿಸಿದರೂ ೪೦ ಪೌಂಡಿನೊಳಗೆ ಮುಗಿಯುತ್ತದೆ. ಅದೇ ಮನುಷ್ಯ ನಿಂತಾಗ ಹಲಗೆಯ ಅರ್ಧಕ್ಕಿಂತ ಹೆಚ್ಚು ಭಾಗ ನೀರಿನ ಮೇಲುಳಿಯುತ್ತದೆ. ವಿಲಿವಿಲಿಯ ಹಗುರವನ್ನು ಹುಡುಕಿದ ಹಳೆಯ ಕೆತ್ತನೆಗಾರನೂ ತೂತು ಕೊರೆದ ಬ್ಲೇಕನೂ ಬಿಡಿಸಲೆತ್ನಿಸಿದ್ದು ಇದೇ ಸಮಸ್ಯೆಯನ್ನು.

ಆದರೆ ಟೊಳ್ಳಿಗೆ ತನ್ನದೇ ಆದ ದೋಷಗಳಿದ್ದವು. ಹಿತ್ತಾಳೆಯ ತಿರುಪುಮೊಳೆ ಹಾಕಿ ಎಷ್ಟೇ ಬಿಗಿದರೂ ಕೂಡುಗೆರೆಗಳಲ್ಲಿ ನೀರು ಜಿನುಗುತ್ತಿತ್ತು. ಬಿಸಿಲಿನಲ್ಲಿಟ್ಟರೆ ಒಳಗಿನ ಗಾಳಿ ಹಿಗ್ಗಿ ಕೂಡುಗೆರೆಗಳು ಬಿಡುತ್ತಿದ್ದವು. ಅದಕ್ಕಾಗಿ ಮೇಲ್ಭಾಗದಲ್ಲಿ ತಿರುಪಿನ ಮುಚ್ಚಳವುಳ್ಳ ಸಣ್ಣ ರಂಧ್ರವೊಂದನ್ನಿಡುವ ರೂಢಿ ಬಂದಿತು: ನೀರು ಹೊರಗೆ ಹೋಗಲು, ಗಾಳಿ ಆಡಲು. ಇಂದಿನ ಮನೆಕಟ್ಟಿನ ಹಲಗೆಗಳಲ್ಲಿಯೂ ಆ ರಂಧ್ರವುಂಟು. ನೀರಿಗೆ ಕರಗದ ಅಂಟಿನ ಪ್ಲೈವುಡ್ ೧೯೩೦ರ ದಶಕದಲ್ಲಿಯೂ, ಎಪಾಕ್ಸಿ ಅಂಟೂ ಗಾಜಿನ ನಾರಿನ ಬಟ್ಟೆಯೂ ಎರಡನೆಯ ಮಹಾಯುದ್ಧದ ಅನಂತರವೂ ಬಳಕೆಗೆ ಬಂದುದರಿಂದ ಜಿನುಗುವ ದೋಷ ನಿವಾರಣೆಯಾಯಿತು.

ಆದರೆ ಅಷ್ಟು ಹೊತ್ತಿಗೆ ಮರದ ಕಾಲವೇ ಮುಗಿಯುತ್ತ ಬಂದಿತ್ತು. ಮೊದಲು ಬಾಲ್ಸ ಎಂಬ ಹಗುರ ಮರ, ೧೯೫೦ರ ದಶಕದ ಕೊನೆಯಲ್ಲಿ ಪಾಲಿಯುರಿಥೇನ್ ನೊರೆ ಬಂದು, ಟೊಳ್ಳು ಹಲಗೆಯನ್ನು ಮೂಲೆಗೆ ಸರಿಸಿದವು. ನೊರೆಯ ದಿಮ್ಮಿಗಳನ್ನು ಅಮೆರಿಕದಲ್ಲಿ ಬಹುಪಾಲು ಒದಗಿಸುತ್ತಿದ್ದ ಕ್ಯಾಲಿಫೋರ್ನಿಯದ ಕ್ಲಾರ್ಕ್ ಕಾರ್ಖಾನೆ ೨೦೦೫ರ ಡಿಸೆಂಬರಿನಲ್ಲಿ ಹಠಾತ್ತಾಗಿ ಮುಚ್ಚಿದಾಗ, ಒಂದೇ ಮೂಲವನ್ನು ನಂಬಿದ್ದ ಕಸುಬುದಾರರು ದಿಕ್ಕುಗಾಣದಾದರು. ಮರದತ್ತ ಮತ್ತೆ ಕೆಲವರ ಗಮನ ಹರಿಯಲು ಅದೂ ಒಂದು ನಿಮಿತ್ತವಾಯಿತು.

೫. ನಿಲುವೂ ಹುಟ್ಟೂ

ಬ್ಲೇಕ್‌ನ ಕಾಲದ ಟೊಳ್ಳು ಹಲಗೆಯನ್ನು ಜನರು ಮಲಗಿ ಅಥವಾ ಮಂಡಿಯೂರಿ ಕೈಗಳಿಂದ ನಡೆಸುತ್ತಿದ್ದರು. ೧೯೨೫ರಲ್ಲಿ ಕ್ಯಾಲಿಫೋರ್ನಿಯದ ಕರೋನ ಡೆಲ್ ಮಾರ್ ಬಳಿ ದೋಣಿ ಮಗುಚಿದಾಗ ಡ್ಯೂಕ್ ಕಹನಮೊಕು ತಮ್ಮ ಹಲಗೆಯ ಮೇಲೆ ಹೋಗಿ ಎಂಟು ಜನರನ್ನು ಉಳಿಸಿದ್ದು ಪ್ರಸಿದ್ಧವಾಗಿದೆ. ಮುಂದೆ ಟೊಳ್ಳು ಹಲಗೆಯು ತೀರರಕ್ಷಕರ ಸಾಧನವಾಯಿತು. ನಿಂತು ಹುಟ್ಟುಹಾಕುವ ಪದ್ಧತಿ ಬಂದುದು ಬೇರೊಂದು ದಾರಿಯಿಂದ, ಹವಾಯಿಯ ದೋಣಿಯಿಂದ. ೨೦ನೆಯ ಶತಮಾನದ ಮಧ್ಯಭಾಗದಲ್ಲಿ ವೈಕಿಕಿಯಲ್ಲಿ ಪ್ರವಾಸಿಗಳಿಗೆ ಅಲೆಸವಾರಿ ಕಲಿಸುತ್ತಿದ್ದ ಸ್ಥಳೀಯರು, ಆ ಚೋಯ್ ಮನೆತನದವರು ಮೊದಲಾದವರು, ದೋಣಿಯ ಹುಟ್ಟನ್ನು ಹಿಡಿದು ಹಲಗೆಯ ಮೇಲೆ ನಿಂತು, ಬರುವ ಅಲೆಗಳನ್ನೂ ಶಿಷ್ಯರನ್ನೂ ನೋಡಿಕೊಳ್ಳುತ್ತಿದ್ದರು. ೧೯೯೦ರ ದಶಕದಲ್ಲಿ ಮಾವಿ ದ್ವೀಪದ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮ ಇವರು ಅದನ್ನು ಮತ್ತೆ ಕೈಗೆತ್ತಿಕೊಂಡ ಮೇಲೆ ಅದು ಲೋಕವ್ಯಾಪಿಯಾಯಿತು.

ಆದುದರಿಂದ ಇಂದಿನ ಮರದ ಹಲಗೆಯಲ್ಲಿ ಎರಡು ಧಾರೆಗಳು ಕೂಡಿವೆ: ಓಲೊವಿನಿಂದ ಬಂದ ಟೊಳ್ಳು ಒಡಲು, ದೋಣಿಯಿಂದ ಬಂದ ಹುಟ್ಟು. ಎರಡೂ ಹವಾಯಿಯವೇ. ನಮ್ಮ ಪೂರ್ವತೀರದ ಕಟ್ಟುಮರವನ್ನೂ ಪೆರು ದೇಶದ ಜೊಂಡಿನ ದೋಣಿಯನ್ನೂ ಇದಕ್ಕೆ ಪೂರ್ವಜರೆಂದು ಹೇಳುವವರುಂಟು. ಹೋಲಿಕೆ ಇರುವುದು ನಿಜ. ಆದರೆ ಹೋಲಿಕೆಯೇ ವಂಶಾವಳಿಯಲ್ಲ. ಅಲೆಯೊಡನೆ ಬದುಕುವ ಜನರಿಗೆ ಒಂದೇ ಬಗೆಯ ಉಪಾಯ ಬೇರೆಬೇರೆಯಾಗಿ ಹೊಳೆಯಬಹುದು.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು. ಕಸುಬೊಂದು ಮೂರು ಬಗೆಯಲ್ಲಿ ಉಳಿಯುತ್ತದೆ: ವಸ್ತುವಾಗಿ, ಬರಹವಾಗಿ, ಕೈಯ ಅಭ್ಯಾಸವಾಗಿ. ಪಾಕಿಯ ಹಲಗೆ ವಸ್ತು. ೧೮೯೬ರ ಲೇಖನ ಬರಹ. ೧೮೮೫ರ ರಾಜಕುಮಾರರ ರೆಡ್‌ವುಡ್ ಹಲಗೆ ಅಭ್ಯಾಸ. ಮೊದಲನೆಯದನ್ನು ಮಾತ್ರ ಸಾಕ್ಷಿಯೆಂದೆಣಿಸಿದ್ದರಿಂದ, ಗೋಡೆಯ ಮೇಲಿನ ಹಲಗೆಯನ್ನು ಕಂಡವರು ತೀರದಲ್ಲಿ ತೇಲುತ್ತಿದ್ದ ಹಲಗೆಯನ್ನು ಕಾಣದಾದರು. ಬ್ಲೇಕ್‌ನ ನಕ್ಷೆಯಿಂದ ಹಲಗೆಯು ಲೋಕಕ್ಕೆಲ್ಲ ದೊರೆಯಿತು. ಅವನ ಉಪಕಾರ ದೊಡ್ಡದು. ಆದರೆ ನಕ್ಷೆಯಲ್ಲಿ ಬರುವುದು ಅಳತೆ ಮಾತ್ರ. ಬುಡದಲ್ಲಿ ಹೂತ ಮೀನಾಗಲಿ, ಹಲಗೆಯನ್ನು ಒಣಗಿಸಿ ಎಣ್ಣೆ ಸವರಿ ಕಾಪಾಡಿದ ಶ್ರದ್ಧೆಯಾಗಲಿ, ಕೆತ್ತಿದವರ ಹೆಸರಾಗಲಿ ಅದರಲ್ಲಿ ಬರುವುದಿಲ್ಲ. ಅವುಗಳನ್ನು ಅಳತೆಯ ಪಕ್ಕದಲ್ಲಿ ಬರೆದಿಡುವುದು ಚರಿತ್ರಕಾರನ ಕೆಲಸ.

ನಮ್ಮಲ್ಲಿಯೂ ಈ ಕೆಲಸಕ್ಕೆ ಕ್ಷೇತ್ರವಿದೆ. ತುಂಗಭದ್ರೆಯ ಹರಿಗೋಲನ್ನು ೧೬ನೆಯ ಶತಮಾನದಲ್ಲಿ ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿಯು ಬುಟ್ಟಿಯಂತಹ ದುಂಡನೆಯ ದೋಣಿಯೆಂದು ವರ್ಣಿಸಿದ್ದಾನೆ. ಅದು ನೋಡಿದವನ ಮಾತು. ಹೆಣೆಯುವವನ ಮಾತನ್ನೂ, ಕರಾವಳಿಯ ಪಾತಿ ದೋಣಿಯನ್ನು ಕೊರೆಯುವವನ ಮಾತನ್ನೂ ಕೇಳಿ, ಬಿದಿರನ್ನೂ ಮರವನ್ನೂ ಹೇಗೆ ಆರಿಸುತ್ತಾನೆ, ಎಲ್ಲಿ ಬಾಗಿಸುತ್ತಾನೆ, ಏನು ಸವರುತ್ತಾನೆ ಎಂಬುದನ್ನು ಅವನ ಹೆಸರಿನೊಡನೆ ಬರೆದುಕೊಳ್ಳಲು ಒಂದು ಅಳತೆಪಟ್ಟಿ, ಒಂದು ಪುಸ್ತಕ, ಕೆಲವು ದಿನಗಳ ತಾಳ್ಮೆ ಸಾಕು. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ತಮ್ಮ ಊರುಗಳಿಗೆ ಹೋದಾಗ ಈ ಕೆಲಸವನ್ನು ಕೈಕೊಂಡರೆ, ನಮ್ಮ ಕಸುಬುಗಳು ಅಳಿದುವೆಂದು ಮುಂದೆ ಯಾರಾದರೂ ಹೇಳಿದಾಗ ಉತ್ತರ ಕೊಡಲು ನಮ್ಮಲ್ಲಿ ಸಾಕ್ಷ್ಯವಿರುವುದು.